ವಿದೇಶಕ್ಕೆ ಹೊರಟ ಊರಿನ ನಂಬರ್

ಅತ್ತಿಬೆಲೆ ದಾಟಿ ಹೊಸೂರು ಸೇರಿದರೆ ಸಾಕು, ಫೋನಿನ ಮೂಲೆಯಲ್ಲಿ ‘ರೋಮಿಂಗ್’ ಎಂದು ಮೂಡುತ್ತಿದ್ದ ಕಾಲವೊಂದಿತ್ತು. ಮಂಗಳೂರಿನವರು ತಲಪಾಡಿ ದಾಟಿದರೂ ಅದೇ ಕಥೆ, ನಿಪ್ಪಾಣಿಯವರು ಕಾಗಲ್ ದಾಟಿದರೂ ಅದೇ ಕಥೆ. ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿತ್ತು. ರೋಮಿಂಗ್‌ನಲ್ಲಿ ಒಳಬರುವ ಕರೆಗೆ ನಿಮಿಷಕ್ಕೆ 1.75 ರೂಪಾಯಿವರೆಗೆ ವಸೂಲಿ ಮಾಡಲು ಅವಕಾಶ ಇತ್ತು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2013ರಲ್ಲಿ ಅದನ್ನು 75 ಪೈಸೆಗೆ ಇಳಿಸಿತು. 2015ರ ಮೇ 1ರಿಂದ 45 ಪೈಸೆ ಆಯಿತು. ಅದೇ ವರ್ಷ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ಒಳಬರುವ ಕರೆಯನ್ನು ಪೂರ್ತಿ ಉಚಿತ ಮಾಡಿತು. 2016ರಲ್ಲಿ ಜಿಯೋ ಬಂದಮೇಲೆ ಉಳಿದವರಿಗೂ ದಾರಿ ಉಳಿಯಲಿಲ್ಲ. 2017ರ ಏಪ್ರಿಲ್‌ನಿಂದ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ಶುಲ್ಕ ತೆಗೆದುಹಾಕಿತು.

ಇಷ್ಟು ಹಳೆಯ ಮಾತು ಎತ್ತಿದ್ದಕ್ಕೆ ಕಾರಣ ಇದೆ. ಅತ್ತಿಬೆಲೆಯ ಟವರ್‌ನಿಂದ ಕರೆ ಸಾಗಿಸುವುದಕ್ಕೂ ಹೊಸೂರಿನ ಟವರ್‌ನಿಂದ ಸಾಗಿಸುವುದಕ್ಕೂ ಖರ್ಚಿನಲ್ಲಿ ಅಂಥ ದೊಡ್ಡ ವ್ಯತ್ಯಾಸ ಯಾವತ್ತೂ ಇರಲಿಲ್ಲ. ಮೊದಲು ನಿಯಂತ್ರಕರು ಕೈ ಹಾಕಿದರು, ಆಮೇಲೆ ಪೈಪೋಟಿ ಬಂತು, ಶುಲ್ಕ ಹೋಯಿತು. ದೇಶದ ಗಡಿ ದಾಟಿದರೆ ಈ ಎರಡೂ ನಮ್ಮ ಬೆನ್ನಿಗೆ ಇರುವುದಿಲ್ಲ. ದುಬೈಯಲ್ಲೋ ಸಿಂಗಪುರದಲ್ಲೋ ಇಳಿದ ಕೂಡಲೇ ಆ ಹಳೆಯ ಕಾಲ ವಾಪಸ್ ಬರುತ್ತದೆ, ಅದೂ ಹತ್ತಾರು ಪಟ್ಟು ಜಾಸ್ತಿ ದರದಲ್ಲಿ.

ದರ ಜಾಸ್ತಿ ಅನ್ನುವುದಷ್ಟೇ ಆಗಿದ್ದರೆ ಅಲ್ಲೇ ಒಂದು ಸಿಮ್ ಕೊಂಡು ಸುಮ್ನೆ ಇರಬಹುದಿತ್ತು. ಆದರೆ ನಮ್ಮ ನಂಬರ್ ಈಗ ಬರೀ ಮಾತಾಡುವ ನಂಬರ್ ಆಗಿ ಉಳಿದಿಲ್ಲ. ಬ್ಯಾಂಕು, ಆಧಾರ್, ಯುಪಿಐ, ಆದಾಯ ತೆರಿಗೆ, ಪಿಂಚಣಿ, ಎಲ್ಲದರ ಬೀಗದ ಕೈ ಅದರೊಳಗಿದೆ. ಭಾರತದಿಂದ ಹೊರಟವರು ಊರಿನ ಸಿಮ್ಮನ್ನು ಬಿಟ್ಟು ಹೋಗುವಂತೆಯೇ ಇಲ್ಲ. ರೋಮಿಂಗ್ ದರವನ್ನು ನಾವು ಇನ್ನೂ ಶ್ರೀಮಂತರ ಪ್ರವಾಸದ ಖರ್ಚು ಎಂದು ನೋಡುತ್ತಿದ್ದೇವೆ. ನನ್ನ ಪ್ರಕಾರ ಆ ನೋಟವೇ ಬದಲಾಗಬೇಕು.

ಫೋಟೊ ಹೋಗುವ ದಾರಿ

ವಿಮಾನ ಇಳಿದು ಏರ್‌ಪ್ಲೇನ್ ಮೋಡ್ ತೆಗೆದಾಗ ಫೋನ್ ಸುತ್ತಲಿನ ಟವರ್‌ಗಳನ್ನು ಹುಡುಕುತ್ತದೆ. ಸಿಮ್‌ನೊಳಗೆ ಒಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಭಾರತದ ಸಿಮ್ ಆದರೆ ಅದು 404 ಅಥವಾ 405ರಿಂದ ಶುರುವಾಗುತ್ತದೆ. ಅದನ್ನು ನೋಡಿದ ಕೂಡಲೇ ಅಲ್ಲಿನ ಕಂಪನಿಗೆ ಇವರು ಯಾವ ದೇಶದ ಯಾವ ಕಂಪನಿಯ ಗ್ರಾಹಕರು ಎಂದು ಗೊತ್ತಾಗುತ್ತದೆ. ಅದು ಭಾರತದ ಕಂಪನಿಯ ದಾಖಲೆಯನ್ನು ಕೇಳುತ್ತದೆ: ಇವರು ನಿಮ್ಮವರೇನಾ, ಇವರಿಗೆ ರೋಮಿಂಗ್ ಕೊಡಬಹುದಾ? ಹೌದು ಎಂದು ಉತ್ತರ ಬಂದರೆ ಸಿಗ್ನಲ್ ಕಡ್ಡಿಗಳು ಮೂಡುತ್ತವೆ. ಎಲ್ಲ ಕೆಲವು ಸೆಕೆಂಡಿನ ಕೆಲಸ. ಇದಕ್ಕೆ ಎರಡು ಕಂಪನಿಗಳ ನಡುವೆ ಮೊದಲೇ ಒಪ್ಪಂದ ಇರಬೇಕು. ಜಿಎಸ್‌ಎಂ, ಅಂದರೆ ಸಿಮ್ ಹಾಕುವ ಡಿಜಿಟಲ್ ಫೋನುಗಳಿಗೆ ಇಂಥ ಮೊದಲ ಒಪ್ಪಂದ ಆದದ್ದು 1992ರಲ್ಲಿ, ಟೆಲಿಕಾಂ ಫಿನ್‌ಲ್ಯಾಂಡ್ ಮತ್ತು ಬ್ರಿಟನ್ನಿನ ವೊಡಾಫೋನ್ ನಡುವೆ. ಈಗ ಪ್ರತಿ ಕಂಪನಿಯೂ ನೂರಾರು ಕಂಪನಿಗಳ ಜೊತೆ ಇಂಥ ಒಪ್ಪಂದ ಇಟ್ಟುಕೊಂಡಿರುತ್ತದೆ.

ಈಗ ಹುಬ್ಬಳ್ಳಿಯಿಂದ ಅಮ್ಮ ಕರೆ ಮಾಡುತ್ತಾರೆ ಅಂದುಕೊಳ್ಳಿ. ಅವರು ಒತ್ತುವುದು ಎಂದಿನ ನಂಬರ್. ಮಗ ದುಬೈಯಲ್ಲಿದ್ದಾನೋ ದಾವಣಗೆರೆಯಲ್ಲಿದ್ದಾನೋ ಎಂದು ಅವರ ಫೋನಿಗೆ ಗೊತ್ತಿಲ್ಲ. ಕರೆ ಮೊದಲು ಭಾರತದಲ್ಲಿರುವ ಮಗನ ಕಂಪನಿಗೆ ಹೋಗುತ್ತದೆ, ಅಲ್ಲಿಂದ ಅಂತರರಾಷ್ಟ್ರೀಯ ಕರೆಯಾಗಿ ದುಬೈಗೆ ಹಾರುತ್ತದೆ. ಅಮ್ಮನಿಗೆ ಬೀಳುವುದು ಊರೊಳಗಿನ ಕರೆಯ ಲೆಕ್ಕ ಮಾತ್ರ. ಆಚೆಗಿನ ಹಾದಿಯ ಖರ್ಚು ಯಾರಾದರೂ ಕೊಡಬೇಕಲ್ವಾ? ಅದು ಎತ್ತಿದವರ ತಲೆಗೆ ಬರುತ್ತದೆ. ರೋಮಿಂಗ್ ಇಲ್ಲದಾಗ ಭಾರತದಲ್ಲಿ 2003ರಿಂದ ಒಳಬರುವ ಕರೆ ಉಚಿತ. ಇಪ್ಪತ್ತು ವರ್ಷದಿಂದ ಅದೇ ರೂಢಿಯಲ್ಲಿ ಇರುವ ನಮಗೆ, ಬಂದ ಕರೆಗೂ ದುಡ್ಡು ಅನ್ನುವುದು ಹೊಳೆಯುವುದೇ ಇಲ್ಲ.

ಡೇಟಾ ಹಾದಿ ಇನ್ನೂ ಉದ್ದ. ದುಬೈಯ ಹೋಟೆಲ್ ಕೋಣೆಯಲ್ಲಿ ಕೂತು ಪಕ್ಕದ ಕೋಣೆಯಲ್ಲಿರುವ ತಂಗಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸುತ್ತೀರಿ. ಇಬ್ಬರದೂ ಭಾರತದ ಸಿಮ್. ಫೋಟೊ ನಿಮ್ಮ ಫೋನಿನಿಂದ ಅಲ್ಲಿನ ಟವರ್‌ಗೆ ಹೋಗುತ್ತದೆ. ಆದರೆ ದುಬೈಯಲ್ಲೇ ಇಂಟರ್‌ನೆಟ್ಟಿಗೆ ಇಳಿಯುವುದಿಲ್ಲ. ಕಂಪನಿಗಳ ನಡುವಿನ ಖಾಸಗಿ ಜಾಲದೊಳಗೆ ಒಂದು ಸುರಂಗದಂತೆ ಸಾಗಿ ಭಾರತದಲ್ಲಿರುವ ನಿಮ್ಮ ಕಂಪನಿಯ ಗೇಟ್‌ವೇ, ಅಂದರೆ ಇಂಟರ್‌ನೆಟ್ಟಿಗೆ ಇಳಿಯುವ ಬಾಗಿಲು, ಮುಟ್ಟುತ್ತದೆ. ಅಲ್ಲಿ ಇಂಟರ್‌ನೆಟ್ ಸೇರಿ ವಾಟ್ಸ್ಆ್ಯಪ್ ಸರ್ವರ್‌ಗೆ ಹೋಗುತ್ತದೆ. ವಾಪಸ್ ಬರುವಾಗಲೂ ಹಾಗೆಯೇ, ತಂಗಿಯ ಕಂಪನಿಯ ಗೇಟ್‌ವೇ ಹೊಕ್ಕು, ಸಮುದ್ರ ದಾಟಿ ಪಕ್ಕದ ಕೋಣೆಗೆ ಬರುತ್ತದೆ. ಸಾಮಾನ್ಯವಾಗಿ ರೋಮಿಂಗ್ ಡೇಟಾ ನಡೆಯುವುದೇ ಹೀಗೆ.

ಈ ಸುತ್ತು ಹಾದಿಯಿಂದ ಒಂದೆರಡು ವಿಚಿತ್ರಗಳು ಹುಟ್ಟುತ್ತವೆ. ವಿದೇಶದಲ್ಲಿದ್ದರೂ ವೆಬ್‌ಸೈಟ್‌ಗಳಿಗೆ ನೀವು ಭಾರತದಲ್ಲೇ ಇರುವಂತೆ ಕಾಣುತ್ತೀರಿ. ಚೀನಾದಲ್ಲಿ ಗೂಗಲ್, ವಾಟ್ಸ್ಆ್ಯಪ್ ಬಂದ್. ಆದರೆ ಭಾರತದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಅವು ತೆರೆಯುತ್ತವೆ, ಯಾಕೆಂದರೆ ಡೇಟಾ ಅಲ್ಲಿನ ಇಂಟರ್‌ನೆಟ್ಟಿಗೆ ಇಳಿದೇ ಇಲ್ಲ. ಇನ್ನೊಂದು ಕಡೆ, ನಾಲ್ಕು ಕಡ್ಡಿ ಸಿಗ್ನಲ್ ಇದ್ದರೂ ಪುಟ ತೆರೆಯಲು ತಡವಾಗುತ್ತದೆ. ಅಮೆರಿಕದಲ್ಲಿ ಕೂತವರ ಪ್ರತಿ ಕ್ಲಿಕ್ಕೂ ಭಾರತಕ್ಕೆ ಬಂದು ಹೋಗಬೇಕಲ್ಲ.

ಇದೇ ಹಾದಿಯಲ್ಲಿ ಒಂದು ಮುಖ್ಯ ಸಂಗತಿಯೂ ಅಡಗಿದೆ. ನೀವು ಹೊರದೇಶದಲ್ಲಿ ಬಳಸುವ ಒಂದೊಂದು ಎಂಬಿಯೂ ನಿಮ್ಮ ಸ್ವಂತ ಕಂಪನಿಯ ಬಾಗಿಲಿನ ಮೂಲಕವೇ ಹಾದುಹೋಗುತ್ತದೆ. ಬಿಲ್ಲಿನ ಮಾತು ಬಂದಾಗ ಇದು ಬೇಕಾಗುತ್ತದೆ.

ಬೆಲೆ ಎಲ್ಲಿಂದ ಬರುತ್ತದೆ

ದುಬೈಯ ಕಂಪನಿ ನಿಮ್ಮ ಕಂಪನಿಗೆ ಸಗಟು ದರದಲ್ಲಿ ಲೆಕ್ಕ ಹಾಕುತ್ತದೆ. ನಿಮಿಷಕ್ಕೆ ಇಷ್ಟು, ಎಂಬಿಗೆ ಇಷ್ಟು ಎಂದು ಎರಡೂ ಕಂಪನಿಗಳು ಕೂತು ಮಾತಾಡಿಕೊಂಡಿರುತ್ತವೆ. ಆ ದರ ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ. ಅದರ ಮೇಲೆ ನಿಮ್ಮ ಕಂಪನಿ ತನ್ನ ಲಾಭ ಇಟ್ಟು ನಿಮಗೆ ಮಾರುತ್ತದೆ. ದೊಡ್ಡ ಗ್ರಾಹಕ ಬಳಗ ಇರುವ ಕಂಪನಿಗಳು ಪರಸ್ಪರ ರಿಯಾಯಿತಿ ಪಡೆಯುತ್ತವೆ: ನಮ್ಮವರನ್ನು ನಿಮ್ಮ ಜಾಲಕ್ಕೇ ಕಳಿಸುತ್ತೇವೆ, ನಿಮ್ಮವರನ್ನು ನಮ್ಮ ಜಾಲಕ್ಕೆ ಕಳಿಸಿ ಎಂಬ ವ್ಯವಹಾರ. ಅದಕ್ಕೇ ಎಷ್ಟೋ ರೋಮಿಂಗ್ ಪ್ಯಾಕ್‌ಗಳು ಆ ದೇಶದ ಇಂಥ ಕಂಪನಿಯ ಜಾಲದಲ್ಲಿ ಮಾತ್ರ ನಡೆಯುತ್ತವೆ. ಪಟ್ಟಿಯಲ್ಲಿಲ್ಲದ ಜಾಲಕ್ಕೆ ಫೋನ್ ತಾನಾಗಿ ಅಂಟಿಕೊಂಡರೆ ಪ್ಯಾಕ್ ಇದ್ದೂ ಇಲ್ಲದಂತೆ ಆಗಬಹುದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಕೈಯಾರೆ ಮಾಡಿಕೊಳ್ಳುವುದು ಇದಕ್ಕೇ ಒಳ್ಳೆಯದು.

ಬೆಲೆಯ ಅಂತರ ಎಷ್ಟು ಎಂದು ನೋಡೋಣ. 2024ರ ಜುಲೈ ದರ ಏರಿಕೆಯ ನಂತರ ಜಿಯೋದ 349 ರೂಪಾಯಿ ಪ್ಲ್ಯಾನ್‌ನಲ್ಲಿ 28 ದಿನ, ದಿನಕ್ಕೆ 2 ಜಿಬಿ ಸಿಗುತ್ತಿತ್ತು. ಅಂದರೆ ಒಂದು ಜಿಬಿಗೆ ಸುಮಾರು 6 ರೂಪಾಯಿ, ಕರೆಗಳೂ ಅದರೊಳಗೇ. ಅದೇ ಕಂಪನಿ ಯುಎಇಗೆಂದು ಇಟ್ಟಿದ್ದ 898 ರೂಪಾಯಿಯ ಪ್ಯಾಕ್‌ನಲ್ಲಿ 7 ದಿನಕ್ಕೆ 1 ಜಿಬಿ ಡೇಟಾ ಮತ್ತು ಒಂದಿಷ್ಟು ನಿಮಿಷ ಮಾತು. ಮಾತಿನ ಬೆಲೆ ಕಳೆದು ನೋಡಿದರೂ ಅಂತರ ಕಣ್ಣಿಗೆ ಹೊಡೆಯುತ್ತದೆ. ಭಾರತದ ಡೇಟಾ ಜಗತ್ತಿನಲ್ಲೇ ಅಗ್ಗದ ಸಾಲಿನಲ್ಲಿದೆ, ಹಾಗಾಗಿ ಈ ಹೋಲಿಕೆ ಸ್ವಲ್ಪ ಕಠಿಣ ಎಂದು ಕಂಪನಿಗಳು ಹೇಳಬಹುದು. ಹೇಳಲಿ. ಹಾಗಾದರೆ ಯುರೋಪಿನ ಲೆಕ್ಕ ನೋಡೋಣ.

ಯುರೋಪಿಯನ್ ಒಕ್ಕೂಟ 2007ರಲ್ಲಿ ಮೊದಲ ಬಾರಿ ರೋಮಿಂಗ್ ದರಕ್ಕೆ ಮಿತಿ ಹಾಕಿತು. ಮಾಡಿದ ಕರೆಗೆ ನಿಮಿಷಕ್ಕೆ 49 ಸೆಂಟ್, ಬಂದ ಕರೆಗೆ 24 ಸೆಂಟ್, ಅದರ ಮೇಲೆ ತೆರಿಗೆ. ಇಂದಿನ ಕಣ್ಣಿಗೆ ಅದೂ ದುಬಾರಿಯೇ. ಕಂಪನಿಗಳು ಆಗಲೂ ನಷ್ಟವಾಗುತ್ತದೆ ಎಂದು ಗಲಾಟೆ ಮಾಡಿದ್ದವು. ಮಿತಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಯಿತು. 2017ರ ಜೂನ್ 15ರಿಂದ ಹೆಚ್ಚುವರಿ ಶುಲ್ಕವನ್ನೇ ತೆಗೆದರು. ಪೋರ್ಚುಗಲ್‌ನ ಸಿಮ್ ಫಿನ್‌ಲೆಂಡಿನಲ್ಲಿ ಊರಿನ ಪ್ಲ್ಯಾನ್‌ನಂತೆಯೇ ನಡೆಯುತ್ತದೆ. 2022ರಲ್ಲಿ ಈ ನಿಯಮವನ್ನು ಇನ್ನೂ ಹತ್ತು ವರ್ಷ, ಅಂದರೆ 2032ರವರೆಗೆ ವಿಸ್ತರಿಸಿದರು. ಕಂಪನಿಗಳು ಒಬ್ಬರಿಗೊಬ್ಬರು ಹಾಕುವ ಸಗಟು ದರಕ್ಕೂ ಮಿತಿ ಇದೆ. 2017ರಲ್ಲಿ ಒಂದು ಜಿಬಿಗೆ 7.70 ಯೂರೊ ಇದ್ದದ್ದು 2025ಕ್ಕೆ 1.30 ಯೂರೊ ಆಯಿತು. 2027ಕ್ಕೆ 1 ಯೂರೊ. ಒಂದು ಯೂರೊಗೆ ಸುಮಾರು ನೂರು ರೂಪಾಯಿ ಎಂದು ಹಿಡಿದರೆ, ದೇಶದ ಗಡಿ ದಾಟಿದ ಒಂದು ಜಿಬಿಯ ಸಗಟು ಬೆಲೆ 130 ರೂಪಾಯಿಗೆ ಮೀರಬಾರದು ಎಂದು 2025ರಲ್ಲಿ ಕಾನೂನೇ ಹೇಳಿತ್ತು. ಆ ಮಿತಿಯೊಳಗೂ ಅಲ್ಲಿನ ಕಂಪನಿಗಳು ವ್ಯಾಪಾರ ಮಾಡುತ್ತಿವೆ.

ಇದಕ್ಕಿಂತ ಒಳ್ಳೆಯ ಪುರಾವೆ ಬ್ರಿಟನ್. ಅದು ಒಕ್ಕೂಟದಿಂದ ಹೊರಬಂದಮೇಲೆ ಈ ನಿಯಮ ಅಲ್ಲಿನ ಕಂಪನಿಗಳಿಗೆ ಅನ್ವಯಿಸಲಿಲ್ಲ. ಶುಲ್ಕ ವಾಪಸ್ ತರುವ ಯೋಚನೆ ಇಲ್ಲ ಎಂದು ಹೇಳಿದ್ದವರೂ ಇದ್ದರು. 2022ರಲ್ಲಿ ಇಇ, ವೊಡಾಫೋನ್, ತ್ರೀ ಎಂಬ ಮೂರು ಕಂಪನಿಗಳೂ ಯುರೋಪಿಗೆ ಹೋಗುವ ಬಹಳಷ್ಟು ಗ್ರಾಹಕರಿಗೆ ದಿನಕ್ಕೆ 2 ಪೌಂಡ್ ಆಸುಪಾಸಿನ ಶುಲ್ಕ ಹಾಕತೊಡಗಿದವು. ಫ್ರಾನ್ಸಿನ ಟವರ್ ಅದೇ. ಸಮುದ್ರದಡಿಯ ಕೇಬಲ್ ಅದೇ. ಬದಲಾದದ್ದು ಕಾನೂನು ಒಂದೇ.

ಭಾರತದಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ದರವನ್ನು ಟ್ರಾಯ್ ಕಂಪನಿಗಳಿಗೇ ಬಿಟ್ಟಿದೆ. ಇದಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ. ದುಬೈಯ ಕಂಪನಿ ಹಾಕುವ ಸಗಟು ದರದ ಮೇಲೆ ಟ್ರಾಯ್‌ಗೆ ಅಧಿಕಾರ ಇಲ್ಲ. ಇಲ್ಲಿ ಮಾತ್ರ ಮಿತಿ ಹಾಕಿದರೆ ಕಂಪನಿಗಳು ಆ ದೇಶಕ್ಕೆ ಸೇವೆಯನ್ನೇ ನಿಲ್ಲಿಸಬಹುದು. ಯುರೋಪಿಗೆ ಇದು ಸಾಧ್ಯವಾದದ್ದು ಹಲವು ದೇಶಗಳಿಗೆ ಒಂದೇ ಕಾನೂನು ಇರುವುದರಿಂದ. ಆದರೆ ಎರಡು ದೇಶಗಳು ಕೂತು ಮಾತಾಡಿ ದರ ಇಳಿಸಿದ್ದೂ ಇದೆ. ಸಿಂಗಪುರ ಮತ್ತು ಮಲೇಷ್ಯಾ 2011ರಲ್ಲಿ ಹಾಗೆ ಮಾಡಿದವು. ಕೊಲ್ಲಿ ದೇಶಗಳಲ್ಲಿ ಲಕ್ಷಾಂತರ ಭಾರತೀಯರು ದುಡಿಯುತ್ತಿದ್ದಾರೆ. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟು ಮನೆಗಳಲ್ಲಿ ಒಬ್ಬರಾದರೂ ಅಲ್ಲಿದ್ದಾರೆ ಎಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಯುಎಇ ಜೊತೆ ಭಾರತ 2022ರಲ್ಲಿ ದೊಡ್ಡ ವ್ಯಾಪಾರ ಒಪ್ಪಂದವನ್ನೇ ಮಾಡಿಕೊಂಡಿದೆ. ಸಗಟು ದರ ಇಳಿಸಿ ಎಂದು ಕೇಳುವ ಬಲ ನಮಗಿದೆ. ಅಷ್ಟು ಗ್ರಾಹಕರನ್ನು ಕೊಡುವ ದೇಶ ಕೇಳದಿದ್ದರೆ ಇನ್ಯಾರು ಕೇಳಬೇಕು?

ತಡೆಯಬಹುದಾದ ಬಿಲ್

ಪ್ಯಾಕ್ ಹಾಕಿಸಿಕೊಂಡು ಹೋದವರ ಖರ್ಚು ಹೇಗೋ ಮಿತಿಯಲ್ಲಿರುತ್ತದೆ. ನಿಜವಾದ ಪೆಟ್ಟು ಬೀಳುವುದು ಪ್ಯಾಕ್ ಇಲ್ಲದ ಹೊತ್ತಿನಲ್ಲಿ. ಪ್ಯಾಕ್ ಇಲ್ಲದ ದರ ಎಂಬಿ ಲೆಕ್ಕದಲ್ಲಿರುತ್ತದೆ. ಉದಾಹರಣೆಗೆ ಎಂಬಿಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ಫೋನ್ ಕ್ಯಾಮೆರಾದ ಒಂದು ಫೋಟೊ ಸುಮಾರು 3 ಎಂಬಿ. ದೋಹಾದಲ್ಲಿ ವಿಮಾನ ಬದಲಿಸುವ ಮೂರು ಗಂಟೆಯಲ್ಲಿ, ಜೇಬಿನಲ್ಲಿರುವ ಫೋನ್ ತನ್ನ ಪಾಡಿಗೆ 40 ಫೋಟೊ ಬ್ಯಾಕಪ್ ಮಾಡಿದರೆ 12,000 ರೂಪಾಯಿ. ನೀವು ಫೋನ್ ಮುಟ್ಟಿಯೇ ಇರುವುದಿಲ್ಲ. ನೀವು ಹಾಕಿಸಿಕೊಂಡದ್ದು ಜರ್ಮನಿಯ ಪ್ಯಾಕ್, ಕತಾರ್ ಅದರಲ್ಲಿ ಇರಲೇ ಇಲ್ಲ. ಕೊಲ್ಲಿ ಮೂಲಕ ಯುರೋಪ್, ಅಮೆರಿಕಕ್ಕೆ ಹೋಗುವವರು ದಯವಿಟ್ಟು ಇದನ್ನು ಗಮನಿಸಿ. ನಡುವೆ ಇಳಿಯುವ ದೇಶವೂ ಪ್ಯಾಕ್‌ನ ಪಟ್ಟಿಯಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಡೇಟಾ ರೋಮಿಂಗ್ ಆಫ್ ಮಾಡಿ ವಿಮಾನ ನಿಲ್ದಾಣದ ವೈಫೈ ಬಳಸಿ.

ವಿಮಾನದೊಳಗೂ ಹಡಗಿನಲ್ಲೂ ಇದೇ ಅಪಾಯ. ಕೆಲವು ವಿಮಾನಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಪುಟ್ಟ ಮೊಬೈಲ್ ಜಾಲ ಇರುತ್ತದೆ. ಪ್ರವಾಸಿ ಹಡಗುಗಳಲ್ಲೂ ಇರುತ್ತದೆ. ಫೋನಿಗೆ ಅದೂ ಒಂದು ನೆಟ್‌ವರ್ಕ್, ಸುಮ್ನೆ ಹೋಗಿ ಸೇರಿಕೊಳ್ಳುತ್ತದೆ. ದೇಶದ ಪ್ಯಾಕ್ ಅಲ್ಲಿ ನಡೆಯುವುದಿಲ್ಲ. ವಿಮಾನಕ್ಕೆಂದೇ ಬೇರೆ ಪ್ಯಾಕ್‌ಗಳಿವೆ. ಏರ್‌ಟೆಲ್ 2024ರ ಫೆಬ್ರುವರಿಯಲ್ಲಿ 195 ರೂಪಾಯಿಯಿಂದ ಶುರು ಮಾಡಿತು: 24 ಗಂಟೆ, 250 ಎಂಬಿ. ಬೇಡದವರು ಏರ್‌ಪ್ಲೇನ್ ಮೋಡ್ ಹಾಕಿಕೊಂಡರೆ ಮುಗಿಯಿತು. ಹಡಗಿನಲ್ಲೂ ಅಷ್ಟೇ.

ಇಲ್ಲಿಗೆ ನನ್ನ ಮುಖ್ಯ ದೂರು ಬರುತ್ತದೆ. ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಇಂಥ ಬಿಲ್ ಬಂದಾಗ ಸಿಗುವ ಒಂದು ಹಳೆಯ ಉತ್ತರ ಇದೆ: ವಿದೇಶದ ಕಂಪನಿಯಿಂದ ಲೆಕ್ಕ ಬರುವುದೇ ತಡ, ನಮಗೆ ಗೊತ್ತಾಗುವಷ್ಟರಲ್ಲಿ ಬಳಕೆ ಆಗಿಹೋಗಿರುತ್ತದೆ. ಇದರಲ್ಲಿ ಸ್ವಲ್ಪ ಸತ್ಯ ಇತ್ತು. ರೋಮಿಂಗ್ ಲೆಕ್ಕದ ಫೈಲ್‌ಗಳು ಕಂಪನಿಗಳ ನಡುವೆ ದಿನಗಟ್ಟಲೆ ತಡವಾಗಿ ಓಡಾಡುತ್ತಿದ್ದವು. ಮೋಸ ಹೆಚ್ಚಾದಾಗ ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎ, ಕರೆ ಮುಗಿದ 4 ಗಂಟೆಯೊಳಗೆ ಮಾಹಿತಿ ಕಳಿಸುವ ವ್ಯವಸ್ಥೆ ತಂದಿತು. ಕರೆಗಳ ವಿಚಾರದಲ್ಲಿ ಈ ನೆಪವನ್ನು ಒಂದಿಷ್ಟು ಒಪ್ಪಬಹುದು. ಡೇಟಾ ವಿಚಾರದಲ್ಲಿ ಒಪ್ಪಲು ಆಗುವುದಿಲ್ಲ. ಮೇಲೆ ಹೇಳಿದ ಫೋಟೊದ ದಾರಿ ನೋಡಿ. ಪ್ರತಿ ಎಂಬಿಯೂ ನಮ್ಮ ಕಂಪನಿಯ ಗೇಟ್‌ವೇ ಮೂಲಕವೇ ಹೋಗಿದೆ. ಎಣಿಸಲು ದುಬೈಯಿಂದ ಫೈಲ್ ಬರುವವರೆಗೆ ಕಾಯಬೇಕಿಲ್ಲ.

ಇನ್ನೂ ಸರಳ ಪುರಾವೆ ಪ್ರೀಪೇಯ್ಡ್. ಅದೇ ಕಂಪನಿ, ಅದೇ ದೇಶ, ಅದೇ ಟವರ್. ಪ್ರೀಪೇಯ್ಡ್ ಗ್ರಾಹಕರ ಬ್ಯಾಲೆನ್ಸ್ ಮುಗಿದ ಕೂಡಲೇ ಡೇಟಾ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಲು ಬರುತ್ತದೆ ಅಂದಮೇಲೆ ಪೋಸ್ಟ್‌ಪೇಯ್ಡ್‌ನಲ್ಲೂ ಬರುತ್ತದೆ.

ಯುರೋಪಿನಲ್ಲಿ 2010ರಿಂದಲೇ ಈ ಕಡಿವಾಣ ಇದೆ. ಗ್ರಾಹಕರು ತಾವಾಗಿ ಬೇರೆ ಮಿತಿ ಆರಿಸಿಕೊಳ್ಳದಿದ್ದರೆ, ರೋಮಿಂಗ್ ಡೇಟಾ ಬಿಲ್ 50 ಯೂರೊ ಮುಟ್ಟಿದಾಗ ಸಂಪರ್ಕ ಕಡಿಯಬೇಕು. ಅದಕ್ಕೂ ಮೊದಲು ಎಚ್ಚರಿಕೆ ಕೊಡಬೇಕು. ಮುಂದುವರಿಸಿ ಎಂದು ಗ್ರಾಹಕರೇ ಹೇಳಿದರೆ ಮಾತ್ರ ಮತ್ತೆ ಶುರು. ಟ್ರಾಯ್ 2020ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಬಗ್ಗೆಯೇ ಒಂದು ಸಮಾಲೋಚನಾ ಪತ್ರ ಹೊರಡಿಸಿತ್ತು. ಸಮಸ್ಯೆ ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ರೂಪಾಯಿಯಲ್ಲಿ ಒಂದು ಮಿತಿ, ಮುಟ್ಟಿದ ಕೂಡಲೇ ಡೇಟಾ ಬಂದ್. ಇದಕ್ಕೆ ದುಬೈಯ ಒಪ್ಪಿಗೆ ಬೇಡ, ಯಾವ ದೇಶದ ಜೊತೆಗೂ ಒಪ್ಪಂದ ಬೇಡ. ಸಗಟು ದರ ನಮ್ಮ ಕೈಲಿಲ್ಲ, ಸರಿ. ಇದು ಪೂರ್ತಿ ನಮ್ಮ ಕೈಲಿದೆ.

ಬಿಡಲಾಗದ ಸಿಮ್

ಶಿವಮೊಗ್ಗದಿಂದ ನ್ಯೂಜೆರ್ಸಿಗೆ ಮಗಳ ಬಾಣಂತನಕ್ಕೆ ಹೋಗುವ ಅಪ್ಪ ಅಮ್ಮನನ್ನು ಯೋಚಿಸಿ. ಐದಾರು ತಿಂಗಳು ಅಲ್ಲೇ. ಅಪ್ಪ ನಿವೃತ್ತ ಮೇಷ್ಟ್ರು, ಪಿಂಚಣಿ ಬರುತ್ತದೆ. ಮನೆಯ ಕರೆಂಟ್ ಬಿಲ್ ಕಟ್ಟಬೇಕು. ಠೇವಣಿ ಅವಧಿ ಮುಗಿಯುತ್ತದೆ, ನವೀಕರಿಸಬೇಕು. ಆದಾಯ ತೆರಿಗೆ ವಿವರ ಸಲ್ಲಿಸಿದರೆ 30 ದಿನದೊಳಗೆ ದೃಢೀಕರಿಸಬೇಕು. ನವೆಂಬರ್ ಬಂದರೆ ಬದುಕಿದ್ದೇನೆ ಎಂಬ ಪ್ರಮಾಣಪತ್ರ ಕೊಡಬೇಕು. ಇದರಲ್ಲಿ ಬಹುಪಾಲು ಕೆಲಸಕ್ಕೆ ಆರು ಅಂಕಿಯ ಒಂದು ಎಸ್‌ಎಂಎಸ್ ಬರಬೇಕು, ಅದೂ ಊರಿನ ನಂಬರಿಗೇ. ಆಧಾರ್‌ಗೆ ವಿದೇಶದ ಮೊಬೈಲ್ ನಂಬರ್ ಕೊಟ್ಟರೆ ಅದಕ್ಕೆ ಒಟಿಪಿ ಬರುವುದಿಲ್ಲ. ಮಗಳು ಅಪ್ಪನಿಗೆ ಅಮೆರಿಕದ ಸಿಮ್ ಕೊಡಿಸಬಹುದು, ವಾಟ್ಸ್ಆ್ಯಪ್‌ನಲ್ಲಿ ಮಾತೂ ನಡೆಯುತ್ತದೆ. ಆದರೆ ಅಪ್ಪನ ದುಡ್ಡಿನ ಬಾಗಿಲು ತೆರೆಯುವುದು ಶಿವಮೊಗ್ಗದ ಸಿಮ್ಮಿನಿಂದ ಮಾತ್ರ.

ಸಮಾಧಾನದ ಸಂಗತಿ ಏನೆಂದರೆ ಒಳಬರುವ ಎಸ್‌ಎಂಎಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಶುಲ್ಕ ಹಾಕುವುದಿಲ್ಲ. ಹಾಗಾಗಿ ಒಟಿಪಿಗೆ ದೊಡ್ಡ ಡೇಟಾ ಪ್ಯಾಕ್ ಬೇಡ. ಆದರೆ ಎರಡು ಕೆಲಸ ಊರು ಬಿಡುವ ಮೊದಲೇ ಆಗಿರಬೇಕು. ಒಂದು, ಆ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಇರಬೇಕು. ಅದಿಲ್ಲದಿದ್ದರೆ ಸಿಗ್ನಲ್ಲೇ ಬರುವುದಿಲ್ಲ, ಎಸ್‌ಎಂಎಸ್ ಎಲ್ಲಿಂದ ಬರಬೇಕು? ಇನ್ನೊಂದು, ರೀಚಾರ್ಜ್ ಅವಧಿ ಪ್ರವಾಸ ಮುಗಿಯುವವರೆಗೂ ಇರಬೇಕು. ಡೇಟಾ ರೋಮಿಂಗ್ ಮಾತ್ರ ಆಫ್ ಇಟ್ಟು, ಸಿಮ್ ಫೋನಿನಲ್ಲೇ ಇರಲಿ.

ಅವಧಿಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಟ್ರಾಯ್ 2013ರಲ್ಲಿ ತಂದ ನಿಯಮದ ಪ್ರಕಾರ, ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೆ ಇದ್ದರೆ ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು. ರದ್ದಾದ ನಂಬರ್ ಕನಿಷ್ಠ 90 ದಿನ ಕಳೆದಮೇಲೆ ಬೇರೆಯವರಿಗೆ ಸಿಗಬಹುದು. ನಿಮ್ಮ ಬ್ಯಾಂಕಿನ ಎಸ್‌ಎಂಎಸ್ ಅಪರಿಚಿತರ ಫೋನಿಗೆ ಹೋಗುವ ಸ್ಥಿತಿ ಅದು. ಸುಪ್ರೀಂ ಕೋರ್ಟ್ ಮುಂದೆ 2023ರಲ್ಲಿ ಈ ಮರುಹಂಚಿಕೆಯ ಪ್ರಶ್ನೆ ಬಂದಿತ್ತು. 45 ದಿನ ನಿಷ್ಕ್ರಿಯವಾಗಿದ್ದ ಖಾತೆ ಹೊಸ ಫೋನಿನಲ್ಲಿ ಶುರುವಾದರೆ ಹಳೆಯ ಮಾಹಿತಿ ಅಳಿಸುತ್ತೇವೆ ಎಂದು ವಾಟ್ಸ್ಆ್ಯಪ್ ಹೇಳಿತ್ತು. ಬ್ಯಾಂಕಿಗೆ ಅಂಥ ತಾನಾಗಿ ಅಳಿಸುವ ಏರ್ಪಾಡು ಎಲ್ಲಿದೆ?

ಈ ಕಡೆ ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಏರ್‌ಟೆಲ್ 365 ದಿನಕ್ಕೆ 1,849 ರೂಪಾಯಿ, ಜಿಯೋ 336 ದಿನಕ್ಕೆ 1,748 ರೂಪಾಯಿಯ ಪ್ಯಾಕ್ ತಂದವು. ನಂಬರ್ ಜೀವಂತ ಇಡುವುದಷ್ಟೇ ಬೇಕಿರುವ ಹೊರದೇಶದ ಕನ್ನಡಿಗರಿಗೆ ಇದು ತುಂಬಾ ಉಪಯೋಗ. ಅದೇ ವರ್ಷ ಏರ್‌ಟೆಲ್ 4,000 ರೂಪಾಯಿಗೆ ವರ್ಷಪೂರ್ತಿ ನಡೆಯುವ ರೋಮಿಂಗ್ ಪ್ಲ್ಯಾನ್ ಕೂಡ ತಂದಿತು: ಹೊರದೇಶದಲ್ಲಿ 5 ಜಿಬಿ ಮತ್ತು 100 ನಿಮಿಷ, ಭಾರತಕ್ಕೆ ಬಂದಾಗ ದಿನಕ್ಕೆ 1.5 ಜಿಬಿ. ದರಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಯುಪಿಐ ಇನ್ನೊಂದು ತಲೆನೋವು. ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ಶುರು ಮಾಡುವಾಗ ಆ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಹೋಗಬೇಕು. ರೋಮಿಂಗ್‌ನಲ್ಲಿ ಹೊರಹೋಗುವ ಎಸ್‌ಎಂಎಸ್‌ಗೆ ದುಡ್ಡಾಗುತ್ತದೆ, ಹಲವು ಸಲ ಅದು ತಲುಪುವುದೂ ಇಲ್ಲ. ಅಲ್ಲಿ ಹೋಗಿ ಹೊಸ ಫೋನ್ ಕೊಳ್ಳುವ ಯೋಚನೆ ಇದ್ದವರು ಹಳೆಯ ಫೋನನ್ನು ಮಾರಿಬಿಡಬೇಡಿ. ಹೊರದೇಶದಲ್ಲೇ ನೆಲೆಸಿದವರಿಗೆ 2023ರ ಜನವರಿಯಲ್ಲಿ ದಾರಿ ತೆರೆಯಿತು. ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಅಮೆರಿಕ, ಯುಎಇ, ಸಿಂಗಪುರ, ಕತಾರ್ ಸೇರಿ 10 ದೇಶಗಳ ನಂಬರಿನಲ್ಲೇ ಯುಪಿಐ ಬಳಸಲು, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅವಕಾಶ ಕೊಟ್ಟಿತು. ಪ್ರವಾಸಕ್ಕೆ ಹೋದ ಅಪ್ಪ ಅಮ್ಮನಿಗೆ ಇದು ಅನ್ವಯಿಸುವುದಿಲ್ಲ, ಅವರ ಖಾತೆ ಊರಿನ ಸಾಮಾನ್ಯ ಖಾತೆ.

ಹಾಗಾಗಿ ಈಗ ನಡೆಯುವ ದಾರಿ ಎರಡು ಸಿಮ್ಮಿನದು. ಊರಿನ ಸಿಮ್ ಒಟಿಪಿಗೆ, ಅಲ್ಲಿನ ಸಿಮ್ ಡೇಟಾಗೆ. ಜರ್ಮನಿಯಲ್ಲಿ ಕೊಂಡ ಸಿಮ್ ಫ್ರಾನ್ಸ್, ಇಟಲಿಯಲ್ಲೂ ನಡೆಯುತ್ತದೆ. ಆದರೆ ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ನೆನಪಿರಲಿ. ಕಾರ್ಡ್ ಹಾಕದೆ ಫೋನಿನೊಳಗೇ ಚಾಲೂ ಮಾಡುವ ಇ-ಸಿಮ್ ಬಂದಮೇಲೆ ಇದು ಇನ್ನೂ ಸುಲಭ. ಊರಿನಲ್ಲೇ ಕೂತು ಆ ದೇಶದ ಡೇಟಾ ಕೊಳ್ಳಬಹುದು. ಆದರೆ ಭಾರತದಲ್ಲಿ ಇಂಥ ಸಿಮ್ ಮಾರಲು ಸರ್ಕಾರದ ಅನುಮತಿ ಬೇಕು. ಅನುಮತಿ ಇಲ್ಲದೆ ಮಾರುತ್ತಿದ್ದವೆಂದು ಏರಾಲೊ, ಹೋಲಾಫ್ಲೈ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಇಲ್ಲಿ ನಿರ್ಬಂಧಿಸಿದರು. ವಂಚನೆಗೆ ಬಳಕೆಯಾಗುತ್ತದೆ ಎಂಬ ಆತಂಕ ನಿಜವಾದದ್ದೇ. ಆದರೆ ಅಗ್ಗದ ದಾರಿಯೊಂದು ಮುಚ್ಚಿದಾಗ ಉಳಿದ ದಾರಿಯ ದರದ ಬಗ್ಗೆ ಯಾರೂ ಮಾತಾಡಲಿಲ್ಲ.

ಹಳೆಯ ಹ್ಯಾಂಡ್‌ಸೆಟ್ ಹಿಡಿದು ಹೋಗುವವರು ಇನ್ನೊಂದು ನೋಡಿಕೊಳ್ಳಬೇಕು. ಅಮೆರಿಕದಲ್ಲಿ 2022ರಲ್ಲಿ 3ಜಿ ನಿಂತಿತು. ಆಸ್ಟ್ರೇಲಿಯದಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ ಟೆಲ್‌ಸ್ಟ್ರಾ, ಆಪ್ಟಸ್ ಕಂಪನಿಗಳು ಅದನ್ನು ನಿಲ್ಲಿಸಿದವು. ಅಲ್ಲೆಲ್ಲ ಮಾತಾಡಬೇಕಾದರೆ ಫೋನೂ, ಊರಿನ ಕಂಪನಿಯ ಒಪ್ಪಂದವೂ 4ಜಿ ಕರೆಗೆ ಹೊಂದಿರಬೇಕು. ಅಪ್ಪನ ಬಟನ್ ಫೋನಿಗೆ ಅಲ್ಲಿ ಸಿಗ್ನಲ್ಲೇ ಸಿಗದಿರಬಹುದು. ಒಟಿಪಿಗೆಂದು ಆ ಸಿಮ್ಮನ್ನು ಬೇರೆ ಫೋನಿಗೆ ಹಾಕಿಕೊಂಡು ಹೋಗಿ.

ಈ ಎರಡು ಸಿಮ್ಮಿನ ದಾರಿಯೂ ಈಗ ಬಿಗಿಯಾಗುತ್ತಿದೆ. ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ವಾಟ್ಸ್ಆ್ಯಪ್, ಟೆಲಿಗ್ರಾಂನಂಥ ಆ್ಯಪ್‌ಗಳಿಗೆ ಒಂದು ಆದೇಶ ಕೊಟ್ಟಿತು. ಖಾತೆ ತೆರೆದ ಸಿಮ್ ಆ ಫೋನಿನಲ್ಲಿ ಸದಾ ಇರಬೇಕು, ಇಲ್ಲದಿದ್ದರೆ ಆ್ಯಪ್ ನಡೆಯಬಾರದು ಎಂಬುದು ಅದರ ಸಾರ. ಹೊರದೇಶದಲ್ಲಿ ಕೂತು ಭಾರತದ ನಂಬರಿನಲ್ಲಿ ವಂಚನೆ ಮಾಡುವವರನ್ನು ತಡೆಯುವುದು ಉದ್ದೇಶ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಹಿರಿಯರ ಉಳಿತಾಯ ದೋಚಿದ ಸುದ್ದಿಗಳನ್ನು ಓದಿದವರು ಈ ಉದ್ದೇಶವನ್ನು ತಳ್ಳಿಹಾಕಲಾರರು, ನಾನೂ ತಳ್ಳಿಹಾಕುವುದಿಲ್ಲ. ಆದರೆ ಒಂದೇ ಸಿಮ್ಮಿನ ಜಾಗ ಇರುವ ಫೋನಿನಲ್ಲಿ ಊರಿನ ಸಿಮ್ ತೆಗೆದು ಅಲ್ಲಿನದು ಹಾಕಿಕೊಳ್ಳುವ ಕೂಲಿ ಕಾರ್ಮಿಕರಿಗೆ ಇಂಥ ನಿಯಮದಲ್ಲಿ ಉಳಿಯುವ ದಾರಿ ಯಾವುದು?

ಬ್ಯಾಂಕಿನ ಕಡೆಯಿಂದ ಒಂದು ಕಿಟಕಿ ತೆರೆದಿದೆ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ನಿರ್ದೇಶನ 2026ರ ಏಪ್ರಿಲ್ 1ರ ಗಡುವು ಇಟ್ಟಿತು. ಡಿಜಿಟಲ್ ಪಾವತಿಗೆ ಎರಡು ಹಂತದ ದೃಢೀಕರಣ ಇರಬೇಕು, ಆದರೆ ಅದು ಎಸ್‌ಎಂಎಸ್ ಒಟಿಪಿಯೇ ಆಗಬೇಕಿಲ್ಲ ಎಂದು ಅದು ಹೇಳುತ್ತದೆ. ಆ್ಯಪ್‌ನೊಳಗಿನ ಒಪ್ಪಿಗೆಯೋ ಬೆರಳಚ್ಚೋ ಸಾಕು ಎಂದು ಬ್ಯಾಂಕುಗಳು ಮಾಡಿಕೊಳ್ಳಬಹುದು. ನಿಮ್ಮ ಬ್ಯಾಂಕ್ ಏನು ಮಾಡಿದೆ ಎಂದು ಶಾಖೆಯಲ್ಲಿ ಕೇಳಿ. ಹಾಗೆ ಕೇಳಲು ಹೋದಾಗಲೇ ಕಾರ್ಡಿನ ವಿದೇಶಿ ಬಳಕೆಯನ್ನೂ ಚಾಲೂ ಮಾಡಿಸಿಕೊಳ್ಳಿ.

ಸರ್ಕಾರ ಒಂದೊಂದೇ ಸೇವೆಯನ್ನು ಮೊಬೈಲ್ ನಂಬರಿಗೆ ಕಟ್ಟುತ್ತಾ ಬಂದಿದೆ. ಕಟ್ಟಿದ ಮೇಲೆ ಆ ನಂಬರ್ ಗಡಿಯಾಚೆ ಕೈಗೆಟಕುವ ಬೆಲೆಗೆ ನಡೆಯುವಂತೆ ನೋಡಿಕೊಳ್ಳುವುದೂ ಸರ್ಕಾರದ್ದೇ ಕೆಲಸ. ರೋಮಿಂಗ್‌ನಲ್ಲಿ ಒಳಬರುವ ಎಸ್‌ಎಂಎಸ್ ಉಚಿತ ಎನ್ನುವುದು ಕಂಪನಿಯ ಔದಾರ್ಯಕ್ಕೆ ಬಿಡದೆ ನಿಯಮದಲ್ಲೇ ಇರಲಿ. ಪ್ಯಾಕ್ ಇಲ್ಲದ ಡೇಟಾ ಗ್ರಾಹಕರು ಕೇಳದೆ ಚಾಲೂ ಆಗದಿರಲಿ, ಕೇಳಿದರೂ ರೂಪಾಯಿ ಮಿತಿ ಮುಟ್ಟಿದ ಕೂಡಲೇ ನಿಲ್ಲಲಿ. ಆರು ತಿಂಗಳು ಹೊರಗಿರುವವರಿಗೆ ಬರೀ ಎಸ್‌ಎಂಎಸ್‌ಗಾಗಿ ನಂಬರ್ ಜೀವಂತ ಇಡುವ ಅಗ್ಗದ ಪ್ಯಾಕ್ ಎಲ್ಲ ಕಂಪನಿಗಳಲ್ಲೂ ಸಿಗಲಿ. ಟ್ರಾಯ್ ಮುಂದಿನ ಸಲ ಜನರ ಅಭಿಪ್ರಾಯ ಕೇಳಿದಾಗ ಈ ಮೂರನ್ನು ಬರೆದು ಕಳಿಸಿ. ಕನ್ನಡದಲ್ಲೇ ಬರೆದರೂ ಸರಿ.